ಟೆಂತ್ ಮಕ್ಕಳ ಫೇರ್‌ವೆಲ್ ಸೀಸನ್: ನಗಿಸೋ ಚೀಟಿ ಬರೆಯೋರು ಯಾರು, ಮೊದಲು ಓದೋರು ಯಾರು?

ಆರ್.ಟಿ. ನಗರ: ಫೆಬ್ರವರಿ ಬಂತು ಅಂದ್ರೆ ಆರ್.ಟಿ. ನಗರ ಮೇನ್ ರೋಡ್, ದಿಣ್ಣೂರು ರಸ್ತೆ, ಸುಲ್ತಾನ್‌ಪಾಳ್ಯ, ಗಂಗಾನಗರದ ಸ್ಟೇಷನರಿ ಅಂಗಡಿಗಳಿಗೆ ಸಂಜೆ ನಾಲ್ಕೂವರೆ ನಂತರ ಬರೋ ಗಿರಾಕಿಗಳೇ ಬೇರೆ. ಯೂನಿಫಾರ್ಮ್‌ನಲ್ಲೇ ಐದಾರು ಮಕ್ಕಳು ಒಟ್ಟಿಗೆ ನುಗ್ಗುತ್ತಾರೆ. ಚಾರ್ಟ್ ಶೀಟ್, ಸ್ಕೆಚ್ ಪೆನ್, ಬಲೂನ್, ಸ್ಯಾಟಿನ್ ರಿಬ್ಬನ್ ಕೇಳುತ್ತಾರೆ, ಕೈಲಿರುವ ದುಡ್ಡು ಎಣಿಸುತ್ತಾರೆ, ಅಲ್ಲೇ ಜಗಳ ಆಡಿ ಒಂದು ಸಾಮಾನು ವಾಪಸ್ ಇಡುತ್ತಾರೆ. ಇದು ಪರೀಕ್ಷೆ ತಯಾರಿ ಅಲ್ಲ. ಒಂಬತ್ತನೇ ಕ್ಲಾಸಿನವರು ಹತ್ತನೇ ಕ್ಲಾಸಿನವರಿಗೆ ಮಾಡುವ ಬೀಳ್ಕೊಡುಗೆ ಸಮಾರಂಭ. ಮಕ್ಕಳ ಬಾಯಲ್ಲಿ ಫೇರ್‌ವೆಲ್.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್-ಏಪ್ರಿಲ್‌ನಲ್ಲಿ. ಪ್ರಿಪರೇಟರಿ ಮುಗಿದು ಹಾಲ್ ಟಿಕೆಟ್ ಬರೋ ಹೊತ್ತಿಗೆ ಹೈಸ್ಕೂಲುಗಳಲ್ಲಿ ಈ ಕಾರ್ಯಕ್ರಮ ಆಗುತ್ತೆ. ಎಷ್ಟೋ ಕಡೆ ಶಾರದಾ ಪೂಜೆಯ ದಿನವೇ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಪೂಜೆ, ಪ್ರಸಾದ, ಆಮೇಲೆ ಹೆಡ್‌ಮಾಸ್ಟರ್ ಭಾಷಣ, ಕೊನೆಗೆ ಮಕ್ಕಳು ಕಾಯ್ತಾ ಇರೋ ತಮಾಷೆ ಕಾರ್ಯಕ್ರಮ. ಈ ಕೊನೆಯ ಅರ್ಧ ಗಂಟೆ ಬಗ್ಗೆಯೇ ಈ ವರದಿ.

ನಮ್ಮ ರಾಜ್ಯದಲ್ಲಿ ಹೈಸ್ಕೂಲ್ ಹತ್ತನೇ ಕ್ಲಾಸಿಗೆ ಮುಗಿಯುತ್ತದೆ. ಆಮೇಲೆ ಒಬ್ಬರು ಮಲ್ಲೇಶ್ವರದ ಪಿಯು ಕಾಲೇಜಿಗೆ, ಒಬ್ಬರು ಹೆಬ್ಬಾಳದ ಕಡೆಗೆ, ಒಬ್ಬರು ಐಟಿಐ ಅಥವಾ ಡಿಪ್ಲೊಮಾಗೆ. ಇನ್ನು ಕೆಲವರು ಅಪ್ಪನ ಅಂಗಡಿಗೋ ಗ್ಯಾರೇಜಿಗೋ ಹೋಗುತ್ತಾರೆ. ಅಂದರೆ ಇಡೀ ಕ್ಲಾಸು ಪಾಠದ ಗಲಾಟೆ ಇಲ್ಲದೆ ಒಂದೇ ರೂಮಿನಲ್ಲಿ ಆರಾಮಾಗಿ ಕೂರುವುದು ಅದೇ ಕೊನೆ. ಅವತ್ತು ಮೈಕಿನಲ್ಲಿ ತಮ್ಮ ಬಗ್ಗೆ ಏನು ಹೇಳಿದರು ಅನ್ನೋದು ಹದಿನೈದು-ಹದಿನಾರು ವರ್ಷದ ಮಕ್ಕಳಿಗೆ ಬಹಳ ವರ್ಷ ನೆನಪಿರುತ್ತೆ. ಮೂರು ವರ್ಷ ಓದಿದ ಸಮೀಕರಣ ಮರೆತವರೂ ಆ ಒಂದು ಸಾಲು ಮರೆಯಲ್ಲ.

ಏನಿದು ಫಿಶ್ ಪಾಂಡ್?

ಹಳೆ ವಿದ್ಯಾರ್ಥಿಗಳಿಗೆ ಗೊತ್ತಿರೋದೇ. ಗೊತ್ತಿಲ್ಲದ ತಂದೆ-ತಾಯಂದಿರಿಗಾಗಿ ಒಮ್ಮೆ ಹೇಳಬೇಕು. ಒಂದು ಡಬ್ಬ ಅಥವಾ ಬಕೆಟ್ ಇಡುತ್ತಾರೆ, ಅದೇ ಕೊಳ. ಹತ್ತನೇ ಕ್ಲಾಸಿನ ಒಬ್ಬೊಬ್ಬರ ಮೇಲೂ ತಮಾಷೆಯ ಒಂದೆರಡು ಸಾಲು ಬರೆದು ಚೀಟಿ ಮಡಚಿ ಒಳಗೆ ಹಾಕುತ್ತಾರೆ, ಅದೇ ಮೀನು. ಬರೆದವರ ಹೆಸರು ಇರಲ್ಲ. ನಿರೂಪಕರು ಒಂದೊಂದೇ ಚೀಟಿ ಎತ್ತಿ ಓದುತ್ತಾರೆ, ಹೆಸರು ಬಂದವರು ಎದ್ದು ನಿಲ್ಲಬೇಕು. ಕೆಲವು ಶಾಲೆಗಳಲ್ಲಿ ಚೀಟಿ ಬದಲು ಬಿರುದು ಕೊಟ್ಟು, ಹೆಗಲಿಗೆ ಸ್ಯಾಶ್ ಹಾಕಿ, ಪೇಪರ್ ಕಿರೀಟ ಇಟ್ಟು ಕಳಿಸುತ್ತಾರೆ.

ಒಳ್ಳೆ ಚೀಟಿ ಹೇಗಿರುತ್ತೆ? ದಿನಾ ಲೇಟಾಗಿ ಬರೋ ಹುಡುಗನಿಗೆ 'ಹೆಬ್ಬಾಳ ಫ್ಲೈಓವರ್ ಖಾಲಿ ಇದ್ದರೂ ಇವನ ಕಾರಣ ಮಾತ್ರ ಜಾಮ್' ಅಂತ ಬರೆದರೆ ಕ್ಲಾಸು ನಗುತ್ತೆ, ಅವನೂ ನಗುತ್ತಾನೆ. ಮಾತು ನಿಲ್ಲಿಸದ ಹುಡುಗಿಗೆ 'ಮೇಖ್ರಿ ಸರ್ಕಲ್ ಸಿಗ್ನಲ್ ಆದರೂ ಬಿಡುತ್ತೆ' ಅಂತ ಬಿದ್ದರೂ ಹಾಗೆಯೇ. ಟಿಫನ್ ಬಾಕ್ಸ್ ಎರಡನೇ ಪಿರಿಯಡ್‌ಗೇ ಖಾಲಿ ಮಾಡುವವರು, ಜಾಮಿಟ್ರಿ ಬಾಕ್ಸ್ ತಾರದೆ ಮೂರು ವರ್ಷ ಕಳೆದವರು, ಪಿಟಿ ಪಿರಿಯಡ್ ಬಂದಾಗ ಮಾತ್ರ ಜ್ವರ ವಾಸಿಯಾಗುವವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಪ್ರಾಸ ಸಿಕ್ಕಿದರೆ ನಾಲ್ಕು ಸಾಲಿನ ಚುಟುಕವೇ ಆಗುತ್ತೆ. 'ಚುಟುಕು ಬ್ರಹ್ಮ' ಅಂತಲೇ ಹೆಸರಾದ ದಿನಕರ ದೇಸಾಯಿ (1909–1982) ಅವರ ಚುಟುಕಗಳನ್ನು ಕನ್ನಡ ಮೇಷ್ಟ್ರು ಒಂದು ಪಿರಿಯಡ್ ಓದಿ ತೋರಿಸಿದರೆ ಮಕ್ಕಳಿಗೆ ಚೀಟಿ ಬರೆಯೋದು ತಾನಾಗಿ ಬರುತ್ತೆ. ನಾಲ್ಕೇ ಸಾಲು, ಕೊನೆಯ ಸಾಲಿನಲ್ಲಿ ತಿರುವು.

ಭಾಷೆ ವಿಚಾರಕ್ಕೆ ಬಂದರೆ ನಮ್ಮ ಏರಿಯಾ ಚೀಟಿಗಳ ರುಚಿಯೇ ಬೇರೆ. ಮನೆಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟ ಬಡಾವಣೆಗೆ ಇದು ಒಪ್ಪುತ್ತೆ ಅನ್ನಬಹುದು, ಬಂಗಾಳಿ ಒಂದೇ ಕಡಿಮೆ. ಕನ್ನಡ ಸಾಲಿನ ಮಧ್ಯೆ ಇಂಗ್ಲಿಷ್ ತುರುಕಿ ನಗಿಸುವುದನ್ನು ಟಿ.ಪಿ. ಕೈಲಾಸಂ ಸುಮಾರು ನೂರು ವರ್ಷದ ಹಿಂದೆಯೇ ನಾಟಕದಲ್ಲಿ ಮಾಡಿ ತೋರಿಸಿದ್ದಾರೆ. ಅವರ 'ಟೊಳ್ಳುಗಟ್ಟಿ'ಯಲ್ಲಿ ಪುಸ್ತಕದ ಹುಳುವಾದ ಹುಡುಗನಿಗಿಂತ ಓದಿನಲ್ಲಿ ಹಿಂದಿರುವ ಹುಡುಗನೇ ಗಟ್ಟಿ. ಲಾಸ್ಟ್ ಬೆಂಚಿನವರ ಮೇಲೆ ಚೀಟಿ ಬರೆಯುವ ಮುಂಚೆ ಒಂದ್ಸಲ ಓದಿಕೊಳ್ಳಬಹುದು.

ಎಡವಟ್ಟು ಆಗೋದು ಎಲ್ಲಿ?

ಚೀಟಿಗೆ ಸಹಿ ಇಲ್ಲದಿರುವುದೇ ಆಟದ ಮಜಾ. ಎಡವಟ್ಟೂ ಅಲ್ಲೇ. ಹುಡುಗ ಮಾಡಿದ ಕೆಲಸದ ಮೇಲೆ ತಮಾಷೆ ಮಾಡಿದರೆ ಅವನು ನಾಳೆ ಅದನ್ನು ಬದಲಾಯಿಸಿಕೊಳ್ಳಬಹುದು, ಇಲ್ಲ ಹೆಮ್ಮೆಯಿಂದ ಮುಂದುವರಿಸಬಹುದು. ಬಣ್ಣ ಕಪ್ಪು, ಮೈ ದಪ್ಪ, ಮಾತು ತೊದಲು, ಅಪ್ಪ ಆಟೋ ಓಡಿಸ್ತಾರೆ, ಅಮ್ಮ ಮನೆಗೆಲಸಕ್ಕೆ ಹೋಗ್ತಾರೆ ಅನ್ನೋದರ ಮೇಲೆ ಬರೆದರೆ ಆ ಮಗು ಏನು ಮಾಡಬೇಕು? ಎಲ್ಲರೂ ನಗುತ್ತಿರುವಾಗ ತಾನೂ ನಗಲೇಬೇಕು, ನಗದಿದ್ದರೆ 'ತಮಾಷೆ ತಗೊಳ್ಳೋಕೆ ಬರಲ್ಲ' ಅನ್ನೋ ಇನ್ನೊಂದು ಬಿರುದು. ಇದಾಗಿ ಕೆಲವೇ ವಾರಕ್ಕೆ ಬೋರ್ಡ್ ಎಕ್ಸಾಮ್.

ಇನ್ನೂ ಒಂದು ಜಾತಿ ಚೀಟಿ ಇದೆ, ಅದನ್ನು ದೊಡ್ಡವರೇ ಹಗುರವಾಗಿ ತಗೊಳ್ಳುತ್ತಾರೆ. ಹುಡುಗ-ಹುಡುಗಿ ಹೆಸರು ಜೋಡಿಸಿ ಬರೆಯೋದು. ಸಭಾಂಗಣದಲ್ಲಿ ಅರ್ಧ ನಿಮಿಷ ಸಿಳ್ಳೆ, ಅಷ್ಟೇ ಅನಿಸುತ್ತೆ. ಆದರೆ ಆ ಮಾತು ಹುಡುಗಿಯ ಮನೆಗೆ ಮುಟ್ಟಿದರೆ ಕಥೆ ಬೇರೆ. 'ಪಿಯುಗೆ ಕಳಿಸೋದೇ ಬೇಡ' ಅಥವಾ 'ಬರೀ ಹುಡುಗಿಯರ ಕಾಲೇಜು, ಅದೂ ಮನೆ ಹತ್ತಿರ ಇದ್ದರೆ ಮಾತ್ರ' ಅಂತ ತೀರ್ಮಾನ ಆಗೋಕೆ ಕೆಲವು ಮನೆಗಳಲ್ಲಿ ಇಂಥದೊಂದು ನೆಪ ಸಾಕು. ಹುಡುಗ ಮಾರನೇ ದಿನ ಕ್ರಿಕೆಟ್ ಆಡೋಕೆ ಹೋಗಿರುತ್ತಾನೆ. ಈಗ ಮೊಬೈಲ್ ಬೇರೆ. ಮೊದಲೆಲ್ಲ ಚೀಟಿ ಓದಿದ ಮೇಲೆ ಕಸದ ಬುಟ್ಟಿಗೆ ಹೋಗುತ್ತಿತ್ತು, ಈಗ ಅದೇ ದಿನ ಸಂಜೆ ಸ್ಟೇಟಸ್‌ಗೆ ಬರುತ್ತೆ, ರೀಲ್ಸ್ ಆಗುತ್ತೆ, ಸಂಬಂಧಿಕರ ಗ್ರೂಪಿಗೂ ಹೋಗುತ್ತೆ.

ಕಾನೂನೂ ಸುಮ್ಮನೆ ಕೂತಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್‌ಗೆ ಕೊಟ್ಟಿರುವ ಅರ್ಥದಲ್ಲೇ ತಮಾಷೆಯ ಪ್ರಸ್ತಾಪ ಇದೆ. ತಮಾಷೆಗೇ ಆಗಲಿ, ಬೇರೆ ರೀತಿಯಲ್ಲೇ ಆಗಲಿ, ಹೆದರಿಸಿ ಅಥವಾ ತಡೆದು ನಿಲ್ಲಿಸಿ ವಿದ್ಯಾರ್ಥಿಯ ಘನತೆಗೆ ಕುಂದು ತರುವ, ಅವರನ್ನು ಗೇಲಿಗೆ ಗುರಿಮಾಡುವ ಕೆಲಸ ಮಾಡಿಸಿದರೆ ಅದು ರ‍್ಯಾಗಿಂಗ್. ಒಂದು ವರ್ಷದವರೆಗೆ ಜೈಲು ಅಥವಾ 2,000 ರೂ.ವರೆಗೆ ದಂಡ, ಇಲ್ಲವೇ ಎರಡೂ ವಿಧಿಸಲು ಅವಕಾಶ ಇದೆ. ಒಂದು ಚೀಟಿಗೆಲ್ಲ ಪೊಲೀಸ್ ಸ್ಟೇಷನ್ ಹತ್ತಬೇಕು ಅಂತಲ್ಲ, ಬರೀ ಚೀಟಿ ಓದಿದ ಮಾತ್ರಕ್ಕೆ ಈ ಅರ್ಥದೊಳಗೆ ಬಂದೇ ಬರುತ್ತೆ ಅಂತಲೂ ಅಲ್ಲ. ಆದರೆ ಬಲವಂತವಾಗಿ ವೇದಿಕೆಗೆ ಎಳೆದು ಡ್ಯಾನ್ಸ್ ಮಾಡಿಸೋದು, ಬಸ್ಕಿ ಹೊಡೆಸೋದು 'ಟಾಸ್ಕ್' ಅನ್ನೋ ಹೆಸರಲ್ಲಿ ನಡೆಯುತ್ತಿದ್ದರೆ ಶಿಕ್ಷಕರು ಹುಷಾರಾಗಿರಬೇಕು. ಜಾತಿ ಹೆಸರು ಹಿಡಿದು ನಾಲ್ಕು ಜನರ ಮುಂದೆ ಹೀಯಾಳಿಸುವುದಂತೂ ತಮಾಷೆ ಲೆಕ್ಕಕ್ಕೇ ಬರಲ್ಲ, ಪರಿಶಿಷ್ಟರ ಮೇಲಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯೇ ಇದೆ. ಮಕ್ಕಳು ತೊಂದರೆ ಹೇಳಿಕೊಳ್ಳಲು ಸಹಾಯವಾಣಿ 1098.

ಕ್ಲಬ್‌ಗಳಿಗೂ ಇದಕ್ಕೂ ಏನು ಸಂಬಂಧ?

ಇದೆ, ಅಲ್ಲೇ ಇರೋದು ಉಪಾಯ. ಶಾಲೆಗಳಲ್ಲಿ ಹೆಸರಿಗೆ ಕ್ಲಬ್‌ಗಳಿಗೆ ಕೊರತೆ ಇಲ್ಲ. ಪರಿಸರದ ಇಕೋ ಕ್ಲಬ್ (ಕೇಂದ್ರ ಪರಿಸರ ಸಚಿವಾಲಯದ ರಾಷ್ಟ್ರೀಯ ಹಸಿರು ಪಡೆ ಯೋಜನೆ ಶುರುವಾಗಿದ್ದು 2001-02ರಲ್ಲಿ), ವಿಜ್ಞಾನ ಸಂಘ, ಕನ್ನಡ ಸಾಹಿತ್ಯ ಸಂಘ, ಸ್ಕೌಟ್ಸ್-ಗೈಡ್ಸ್, ಸೇವಾದಳ, 2018ರ ಜನವರಿ 25ರಂದು ಚುನಾವಣಾ ಆಯೋಗ ಶುರು ಮಾಡಿದ ಮತದಾರರ ಸಾಕ್ಷರತಾ ಕ್ಲಬ್, ಇದೆಲ್ಲದರ ಮೇಲೆ ಶಾಲಾ ಸಂಸತ್ತು. ಪ್ರಧಾನಮಂತ್ರಿ, ಆರೋಗ್ಯ ಮಂತ್ರಿ, ಸಾಂಸ್ಕೃತಿಕ ಮಂತ್ರಿ ಎಲ್ಲರೂ ಇರುತ್ತಾರೆ. ಆದರೆ ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಕ್ಲಬ್‌ಗೆ ಅಂತ ಪ್ರತ್ಯೇಕ ಅಂಕ ಇಲ್ಲ. ಹಾಗಾಗಿ ಹಲವು ಕಡೆ ಕ್ಲಬ್ ಅಂದರೆ ಗೋಡೆ ಮೇಲಿನ ಒಂದು ಬೋರ್ಡು, ಬೀರುವಿನಲ್ಲಿ ಒಂದು ರಿಜಿಸ್ಟರ್.

ಬೋರ್ಡಿನಿಂದ ಇಳಿದು ಕೆಲಸ ಮಾಡಿದರೆ ಏನೇನು ಆಗಬಹುದು ಅನ್ನೋಕೆ ದೂರ ಹೋಗಬೇಕಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಗುರುತಿಸಿದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಬೆಂಗಳೂರಿನಲ್ಲಿ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಅದೇ. ಇತಿಹಾಸ ಸಂಘದ ಮಕ್ಕಳು ಒಂದು ಶನಿವಾರ ಹೋಗಿ ನೋಡಿ ಬಂದರೆ ಫೇರ್‌ವೆಲ್‌ನಲ್ಲಿ 'ಕಿತ್ತಯ್ಯನಾದರೂ ಯುದ್ಧ ಮಾಡಿದ, ನೀನು ಹೋಂವರ್ಕ್ ಆದರೂ ಮಾಡಪ್ಪ' ಅಂತ ಚೀಟಿ ಬರೆಯಬಹುದು. ವರ್ಷವಿಡೀ ಒಟ್ಟಿಗೆ ಓಡಾಡಿದವರ ಹತ್ತಿರ ಇಂಥ ಸರಕು ಬೇಕಾದಷ್ಟಿರುತ್ತೆ. ಏನೂ ಒಟ್ಟಿಗೆ ಮಾಡದವರ ಹತ್ತಿರ ಉಳಿಯೋದು ಬಣ್ಣ, ತೂಕ, ಅಡ್ಡಹೆಸರು.

ಎರಡನೇ ಉಪಯೋಗ, ಜವಾಬ್ದಾರಿ ಯಾರದು ಅನ್ನೋದು. ಫಿಶ್ ಪಾಂಡ್ ಕೆಲಸವನ್ನು ಸಾಹಿತ್ಯ ಸಂಘಕ್ಕೆ ಹಚ್ಚಿದರೆ ಚೀಟಿ ನೋಡೋಕೆ ಒಂದು ಸಮಿತಿ ಇರುತ್ತೆ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು, ಒಬ್ಬ ಟೀಚರ್ ಹಿಂದಿನ ದಿನವೇ ಕೂತು ಓದಿದರೆ ಅರ್ಧ ಗಂಟೆ ಕೆಲಸ. ಪ್ರತಿ ಚೀಟಿಗೂ ಒಂದೇ ಪರೀಕ್ಷೆ ಸಾಕು: ಇದನ್ನು ಅವರ ಅಮ್ಮನ ಮುಂದೆ ಓದೋಕೆ ಆಗುತ್ತಾ? ಆಗಲ್ಲ ಅಂದರೆ ಹರಿದು ಹಾಕೋದು. ಇನ್ನೂ ಒಂದು ವಿಷಯ ಅವರೇ ನೋಡಬೇಕು. ಕೆಲವು ಹೆಸರಿಗೆ ಎಂಟು ಚೀಟಿ, ಕೆಲವು ಹೆಸರಿಗೆ ಒಂದೂ ಇರಲ್ಲ. ಮೂಲೆಯಲ್ಲಿ ಸುಮ್ಮನೆ ಕೂತು ಮೂರು ವರ್ಷ ಕಳೆದ ಮಗುವಿಗೆ ತನ್ನ ಹೆಸರು ಬರಲೇ ಇಲ್ಲ ಅನ್ನೋದು ಕೆಟ್ಟ ಚೀಟಿಗಿಂತ ಹೆಚ್ಚು ಚುಚ್ಚುತ್ತೆ. ಅಂಥವರಿಗೆ ಸಮಿತಿಯೇ ಯೋಚನೆ ಮಾಡಿ ಒಂದು ಒಳ್ಳೆ ಸಾಲು ಬರೆಯಬೇಕು.

ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್, ತಾಲ್ಲೂಕು ಅಂತ ಮಿಮಿಕ್ರಿ ಮಾಡಿ ಬಂದ ಮಕ್ಕಳು ಫೇರ್‌ವೆಲ್‌ನಲ್ಲಿ ಮೇಷ್ಟ್ರುಗಳನ್ನೇ ಅನುಕರಿಸುತ್ತಾರೆ. ಗಣಿತದ ಸರ್ ಕನ್ನಡಕ ಏರಿಸೋದು, ಹಿಂದಿ ಮೇಡಂ 'ಚುಪ್' ಅನ್ನೋದು. ಇದನ್ನು ಮೊದಲಿಗೇ ಇಟ್ಟುಕೊಳ್ಳುವುದು ಜಾಣತನ. ಮೇಲಿನವರು ತಮ್ಮ ಮೇಲಿನ ತಮಾಷೆಗೆ ಮೊದಲು ನಕ್ಕರೆ ಮಕ್ಕಳಿಗೂ ಹದ ಎಷ್ಟು ಅಂತ ಗೊತ್ತಾಗುತ್ತೆ.

ಅಂಗಡಿಯವರಿಗೆ

ಬಿರುದಿನ ಸ್ಯಾಶ್, ಮಗ್, ಪೋಸ್ಟರ್‌ಗಳ ಸಾಲನ್ನು ಟೀಚರ್‌ಗಿಂತ ಮೊದಲು ನೋಡೋದು ಪ್ರಿಂಟಿಂಗ್ ಅಂಗಡಿಯವರು. ಮೈಬಣ್ಣ, ಜೋಡಿ ಹೆಸರು, ಜಾತಿ ಸೂಚಿಸುವ ಪದ ಕಂಡರೆ 'ಮಿಸ್‌ಗೆ ತೋರಿಸಿದ್ದೀಯೇನಪ್ಪಾ' ಅಂತ ಕೇಳಿದರೆ ಸಾಕು, ಎಷ್ಟೋ ಸಲ ಮಕ್ಕಳೇ ಬದಲಾಯಿಸಿಕೊಳ್ಳುತ್ತಾರೆ. ಫ್ಲೆಕ್ಸ್ ಬ್ಯಾನರ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಬಟ್ಟೆ ಬ್ಯಾನರ್ ಕೊಡಬೇಕು. ಇಕೋ ಕ್ಲಬ್ ಹೆಸರಲ್ಲಿ ಫ್ಲೆಕ್ಸ್ ಕೇಳಿಕೊಂಡು ಬಂದರೆ ನಗಬೇಕೋ ಬೈಬೇಕೋ ನಿಮಗೇ ಬಿಟ್ಟಿದ್ದು.

ದುಡ್ಡಿನ ಮಾತೂ ಇದೆ. ತಲೆಗೆ ಇಷ್ಟು ಅಂತ ವಸೂಲಿ ಮಾಡುವಾಗ ಕೊಡಲಾಗದ ಮಗು ಅವತ್ತು ರಜೆ ಹಾಕುತ್ತೆ. ಅದಕ್ಕೆ ಎಸ್‌ಡಿಎಂಸಿಯವರು, ಹಳೆ ವಿದ್ಯಾರ್ಥಿಗಳು ಒಟ್ಟಾಗಿ ಕೇಕು, ಬೋಂಡಾ ಖರ್ಚು ನೋಡಿಕೊಂಡರೆ ಮಕ್ಕಳಿಂದ ಕಾಸು ಎತ್ತುವ ಪ್ರಮೇಯವೇ ಇರಲ್ಲ. ಚೀಟಿಗೆ ಹೇಗೂ ಖರ್ಚಿಲ್ಲ, ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ಸ್ಯಾಶ್ ಬೇಕೇ ಬೇಕು ಅನ್ನೋರು ಒಂದು ವಾರ ಮುಂಚೆ ಆರ್ಡರ್ ಕೊಡಿ, ಹೆಸರಿನ ಸ್ಪೆಲ್ಲಿಂಗ್ ಅನ್ನು ಹಾಜರಿ ಪುಸ್ತಕ ನೋಡಿ ಬರೆದುಕೊಡಿ.