ತುರಹಳ್ಳಿ: ಬಂಡೆ, ಮುಳ್ಳು, ಹುಲ್ಲಿನ ಕಾಡು

ಜಯನಗರದ ಸಾಲುಮರಗಳ ನೆರಳಿನಲ್ಲಿ ಬೆಳೆದವರನ್ನು ತುರಹಳ್ಳಿಗೆ ಕರೆದುಕೊಂಡು ಹೋದರೆ ‘ಕಾಡು ಎಲ್ಲಿ?’ ಎಂದೇ ಕೇಳುತ್ತಾರೆ. ಕಣ್ಣಿಗೆ ಬೀಳುವುದು ಬೋಳುಬಂಡೆ, ಸೊಂಟದೆತ್ತರದ ಹುಲ್ಲು, ಪ್ಯಾಂಟಿಗೆ ಸಿಕ್ಕಿಕೊಳ್ಳುವ ಮುಳ್ಳು. ಮರಗಳೂ ಇವೆ, ಆದರೆ ಹೆಚ್ಚಿನವು ಕುಳ್ಳು, ಅಲ್ಲೊಂದು ಇಲ್ಲೊಂದು. ಬರಡು ಜಾಗ, ನಾಲ್ಕು ಸಸಿ ನೆಡಬಾರದೆ ಎಂದು ಅನ್ನಿಸುವುದು ಸಹಜ. ತುರಹಳ್ಳಿಗೆ ಇರುವ ದೊಡ್ಡ ಅಪಾಯವೂ ಅದೇ.

ಬನಶಂಕರಿ 6ನೇ ಹಂತದ ಅಂಚಿನಲ್ಲಿ, ಕನಕಪುರ ರಸ್ತೆಯ ಪಶ್ಚಿಮಕ್ಕೆ ಹರಡಿರುವ ಈ ಕಾಡಿನ ಸುತ್ತ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಹತ್ತಿರದಲ್ಲೇ ಬಿ.ಎಂ. ಕಾವಲ್, ಯು.ಎಂ. ಕಾವಲ್‌ಗಳಿವೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಇಂಥ ಕಾವಲುಗಳೆಂದರೆ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು. ಬಂಡೆಯಂತೂ ಇನ್ನೂ ಹಳೆಯದು. ಲಾಲ್‌ಬಾಗಿನ ಗುಡ್ಡ ಯಾವ ಶಿಲೆಯ ಬಳಗಕ್ಕೆ ಸೇರಿದೆಯೋ ಆ ಬಳಗದ ವಯಸ್ಸು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ಬೆಂಗಳೂರಿನ ನೆಲದಡಿ ಉದ್ದಕ್ಕೂ ಇರುವ ಕಲ್ಲು ಇಲ್ಲಿ ತಲೆ ಹೊರಗೆ ಹಾಕಿದೆ. ಅದರ ಮೇಲಿನ ಮಣ್ಣು ತೀರ ತೆಳು. ಮಳೆ ಬಂದರೂ ನೀರು ನಿಲ್ಲದೆ ಜಾರಿ ಹೋಗುತ್ತದೆ. ಇಂಥ ನೆಲಕ್ಕೆ ಒಗ್ಗುವುದು ಕುರುಚಲು ಕಾಡೇ: ಜಾಲಾರಿ, ಬಂದರೆ, ಕಾರೆ, ಕವಳಿ, ತಂಗಡಿಯಂಥ ಒಣನಾಡಿನ ಗಿಡಮರಗಳು.

ಇಲ್ಲಿ ಬಂಡೆಯೂ ಒಂದು ವಠಾರ. ಬಿಸಿಲೇರುತ್ತಿದ್ದಂತೆ ಬಂಡೆ ಓತಿಗಳು ಮೇಲೆ ಬಂದು ಕೂರುತ್ತವೆ. ಹೆಣ್ಣಿನ ಮೈಬಣ್ಣ ಕಲ್ಲಿನದೇ ಕಂದು, ಬೂದು. ಕದಲದಿದ್ದರೆ ಕಾಣಿಸುವುದೂ ಇಲ್ಲ. ಆದರೆ ಬೇಸಿಗೆಯ ಕೊನೆಯಿಂದ ಮಳೆಗಾಲದವರೆಗೆ ಗಂಡಿನ ಅಬ್ಬರ ನೋಡಬೇಕು. ಬೆನ್ನು ಕೆಂಪು, ಪಕ್ಕೆ ಕಡುಗಪ್ಪು, ತಲೆ ಮೇಲೆ ಕೆಳಗೆ ಕುಣಿಸುತ್ತಾ ಎತ್ತರದ ಕಲ್ಲಿನ ತುದಿಯಲ್ಲಿ ಕೂತಿರುತ್ತದೆ. ಎದುರಿಗೆ ಬಂದದ್ದು ಎದುರಾಳಿಯೋ ಹೆಣ್ಣೋ ಎಂಬುದರ ಮೇಲೆ ಅದರ ಬಣ್ಣ ನೋಡುನೋಡುತ್ತಲೇ ಬೇರೆಯಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆಂಗಳೂರಿನ ಒಳಗಿನ ಓತಿಗಳನ್ನೂ ಊರಾಚೆಯವನ್ನೂ ಹೋಲಿಸಿ, ನಗರದವುಗಳ ಬಣ್ಣ ಮಂಕು ಎಂದು ಕಂಡುಕೊಂಡಿದ್ದಾರೆ. ಕಾಂಪೌಂಡ್ ಗೋಡೆಯ ಮೇಲೂ ಓತಿ ಬದುಕುತ್ತದೆ, ನಿಜ. ಆದರೆ ಬದುಕಿರುವುದು ಬೇರೆ, ಮೆರೆಯುವುದು ಬೇರೆ.

ಮಳೆ ಬಿದ್ದ ವಾರದಲ್ಲಿ ಬಂಡೆಯ ಮೇಲಿನ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಮೊಣಕಾಲುದ್ದವೂ ಇಲ್ಲದ ಆ ಗುಂಡಿಗಳಲ್ಲಿ ಗೊದಮೊಟ್ಟೆಗಳು ಆತುರಾತುರವಾಗಿ ಬೆಳೆಯುತ್ತವೆ. ಬಿಸಿಲು ಗುಂಡಿಯನ್ನು ಬತ್ತಿಸುವುದರೊಳಗೆ ಕಪ್ಪೆಯಾಗಿ ಹೊರಬೀಳಲೇಬೇಕು. ವರ್ಷವಿಡೀ ನೀರು ನಿಂತರೆ ಮೀನು ಬಂದು ಅವನ್ನು ತಿಂದು ಮುಗಿಸುತ್ತದೆ. ಹಾಗಾಗಿ ಬತ್ತುವುದೇ ಈ ಗುಂಡಿಗಳ ಗುಣ. ಹುತ್ತಗಳಿಂದ ಹಾರು ಗೆದ್ದಲು ಎದ್ದ ಸಂಜೆ ಕಪ್ಪೆ, ಓತಿ, ಹಕ್ಕಿ ಎಲ್ಲಕ್ಕೂ ಹಬ್ಬದೂಟ.

ಶ್ರೀಗಂಧದ ಸಂಸಾರ ಇನ್ನೂ ಸ್ವಾರಸ್ಯ. ಇದು ಅರೆ ಪರಾವಲಂಬಿ. ಎಲೆ ಹಸಿರಾಗಿದ್ದರೂ ಅದರ ಬೇರು ನೆರೆಯ ಗಿಡದ ಬೇರಿಗೆ ಬಾಯಿ ಹಾಕಿ ನೀರನ್ನೂ ಲವಣವನ್ನೂ ಹೀರುತ್ತದೆ. ಹಣ್ಣು ತಿಂದ ಹಕ್ಕಿ ಪೊದೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ, ಬೀಜ ಪೊದೆಯ ಬುಡಕ್ಕೇ ಬೀಳುತ್ತದೆ; ನೆರಳು, ಕಾವಲು, ಆಹಾರ ಒಂದೇ ಕಡೆ ಸಿಕ್ಕಂತಾಯಿತು. ಮುಳ್ಳುಕಂಟಿಯನ್ನು ‘ಕ್ಲೀನ್’ ಮಾಡಿಸಿದರೆ ಎಳೆಯ ಗಂಧದ ಗಿಡಕ್ಕೆ ಈ ಮೂರೂ ತಪ್ಪುತ್ತವೆ. ಗೌಜಲು ಹಕ್ಕಿ ನೆಲದಲ್ಲಿ ಮೊಟ್ಟೆಯಿಡುವುದು ಇಂಥ ಕಂಟಿ, ಹುಲ್ಲುಗಳ ಮರೆಯಲ್ಲೇ, ಮೊಲ ಹಗಲು ಕಳೆಯುವುದೂ ಅಲ್ಲೇ. ನವಿಲಿಗೂ ತೂರಿಕೊಳ್ಳಲು ಪೊದೆ ಬೇಕು, ಕುಣಿಯಲು ಬಯಲು ಬೇಕು.

ಅಲ್ಲಲ್ಲಿ ನೀಲಗಿರಿಯ ನೆಡುತೋಪುಗಳಿವೆ. ದೂರದಿಂದ ನೋಡಿದರೆ ಕಾಡಿನಲ್ಲಿ ಎಲ್ಲಕ್ಕಿಂತ ಹಸಿರು ಕಾಣುವುದು ಅವೇ. ಒಳಹೊಕ್ಕರೆ ಕೊಳೆಯಲು ಒಲ್ಲದ ತರಗೆಲೆಯ ಹಾಸು, ಅದರ ಮೇಲೆ ಬೇರೆ ಗಿಡ ಏಳುವುದು ಕಡಿಮೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಹಸಿರು ಬಣ್ಣ ಕಂಡರೆ ಸಾಕು ಎನ್ನುವ ಮನಸ್ಸಿಗೆ ನಿಷೇಧವಿಲ್ಲ. 2021ರ ಆರಂಭದಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವ ಬಂದಾಗ ಅಕ್ಕಪಕ್ಕದ ಬಡಾವಣೆಗಳ ಜನ ಫಲಕ ಹಿಡಿದು ಬೀದಿಗಿಳಿದರು. ಪಾರ್ಕು ಬೇಕೆಂದು ಅರ್ಜಿ ಹಾಕುವುದು ನಮ್ಮ ಬಡಾವಣೆಗಳ ಅಭ್ಯಾಸ. ಬೇಡವೆಂದು ಕೂಗಿದ್ದು ಅಪರೂಪವೇ. ವಿರೋಧ ಜೋರಾದ ಮೇಲೆ ಪ್ರಸ್ತಾವ ಹಿಂದೆ ಸರಿಯಿತು.

ಕೆರೆಗಳ ಲೆಕ್ಕ ಬೇರೆ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಸ್ಥಳೀಯರೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ನೋಡಿಕೊಳ್ಳುತ್ತಾ ಬಂದಿದ್ದಾರೆ. ಅಂಥಲ್ಲಿ ಮನುಷ್ಯನ ಕೈ ಬೇಕು. ಒಳಚರಂಡಿ ನೀರು ಕೆರೆಗೆ ಬಿಟ್ಟವರೂ ನಾವೇ ತಾನೆ. ತುರಹಳ್ಳಿಗೆ ಬೇಕಾದ ಆರೈಕೆ ಇಷ್ಟೇ: ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಲಂಟಾನ ಹಬ್ಬದಂತೆ ತಡೆಯುವುದು, ಅಂಚಿಗೆ ಕಟ್ಟಡದ ಅವಶೇಷ ತಂದು ಸುರಿಯುವ ಲಾರಿಗಳನ್ನು ಹಿಡಿಯುವುದು.

ಬಂಡೆ ಹತ್ತುವವರಿಗೂ ಸೈಕಲ್ ಸವಾರರಿಗೂ ಇದು ಬಹುಕಾಲದ ಅಡ್ಡಾ. ಸೈಕಲ್ ಜಾಡು ಅಗಲವಾದಷ್ಟೂ ಮಳೆಯಲ್ಲಿ ಆ ತೆಳುಮಣ್ಣು ಕೊಚ್ಚಿಹೋಗುತ್ತದೆ, ಹಾಗಾಗಿ ಇರುವ ಜಾಡಿನಲ್ಲೇ ಹೋಗುವುದು ವಾಸಿ. ಕುತೂಹಲಕ್ಕೆಂದು ಕಲ್ಲು ಎತ್ತಿ ನೋಡಬೇಡಿ. ಕೆಳಗೆ ಚೇಳಿದ್ದರೆ ನಿಮಗೆ ಕಷ್ಟ, ಹಲ್ಲಿಯ ಮೊಟ್ಟೆಯಿದ್ದರೆ ಅದಕ್ಕೆ ಕಷ್ಟ. ಹುಲ್ಲು ತೆನೆಗಟ್ಟಿರುವುದನ್ನು ನೋಡಲು ಅಕ್ಟೋಬರ್, ನವೆಂಬರ್ ಒಳ್ಳೆಯದು. ಓತಿಯ ಬಣ್ಣಕ್ಕೆ ಮೇ, ಜೂನ್. ಹಸಿರು ಮಾರ್ಗದ ಮೆಟ್ರೊದಲ್ಲಿ ವಜರಹಳ್ಳಿಯಲ್ಲಿ ಇಳಿದು ಆಟೊ ಹಿಡಿಯಬಹುದು. ತಿಂಡಿಯನ್ನು ಕನಕಪುರ ರಸ್ತೆಯಲ್ಲೇ ಮುಗಿಸಿ, ನೀರಿನ ಬಾಟಲಿ ತುಂಬಿಸಿಕೊಂಡು ಹೊರಡಿ.