ಮೋಟಾರು ಮನೆಗೆ ಸ್ಟೀರಿಂಗ್ ಸ್ಟೆಬಿಲೈಸರ್ ಬೇಕೆ?

ದಿಲ್ಲಿಯ ಲೋಧಿ ಕಾಲೋನಿಯು ಮೊದಲಿನಿಂದಲೂ ಗುಮಾಸ್ತರ ಬಡಾವಣೆ. 1940ರ ದಶಕದಲ್ಲಿ ಬ್ರಿಟಿಷ್ ಸರಕಾರವು ತನ್ನ ನೌಕರರಿಗಾಗಿ ಕಟ್ಟಿಸಿದ ಕಮಾನುಗಳ ಈ ವಸತಿಗಳ ಗೋಡೆಗಳು ಇಂದು ಬೃಹತ್ ವರ್ಣಚಿತ್ರಗಳಿಂದಾಗಿ ಪ್ರಸಿದ್ಧಿ ಪಡೆದಿವೆ. ನೆರೆಯ ಲೋಧಿ ಎಸ್ಟೇಟಿನಲ್ಲಿ ದಿಲ್ಲಿ ಕನ್ನಡ ಶಾಲೆಯಿರುವುದರಿಂದ ಈ ಭಾಗವು ನಮ್ಮವರಿಗೆ ಚಿರಪರಿಚಿತ. ನಿಜಾಮುದ್ದೀನ್ ನಿಲ್ದಾಣವೂ ದೂರವಲ್ಲ. ಅಲ್ಲಿಂದ ಹೊರಡುವ ಮಂಗಳಾ ಎಕ್ಸ್‌ಪ್ರೆಸ್ಸು ಉಡುಪಿ, ಮಂಗಳೂರುಗಳ ಮಾರ್ಗವಾಗಿಯೇ ಸಾಗುತ್ತದೆ. ಆದರೆ ಮಕ್ಕಳ ರಜೆ, ಹೋಟೆಲಿನ ರಜೆ, ಕಚೇರಿಯ ರಜೆ ಈ ಮೂರೂ ಒಂದಾಗುವ ಕಾಲಕ್ಕೆ ರೈಲಿನಲ್ಲಿ ಸ್ಥಳ ದೊರೆಯುವುದು ಸುಲಭವಲ್ಲ. ಆಗ ಕೆಲವರ ಮನಸ್ಸು ಮೋಟಾರು ಮನೆಯ ಕಡೆಗೆ, ಎಂದರೆ ಮಲಗುವ ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಒಳಗೊಂಡ ವಾಹನದ ಕಡೆಗೆ ಹರಿಯುತ್ತದೆ.

ನಾಲ್ಕು ಸಂಸಾರಗಳು ಕೂಡಿ, ಟೆಂಪೋ ಟ್ರಾವೆಲರಿನಂಥ ಗಾಡಿಯ ಮೇಲೆ ಕಟ್ಟಿದ ಹಳೆಯ ಮೋಟಾರು ಮನೆಯೊಂದನ್ನು ಕೊಂಡವೆಂದು ಇಟ್ಟುಕೊಳ್ಳೋಣ. ಪರೀಕ್ಷಾರ್ಥವಾಗಿ ಆಗ್ರಾದವರೆಗೆ ಹೋಗಿಬಂದ ಚಾಲಕನು, ‘ಗಾಡಿ ನೆಟ್ಟಗೆ ನಡೆಯುವುದಿಲ್ಲ, ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ತೂಗುತ್ತದೆ, ಹೊಂಡಕ್ಕೆ ಬಿದ್ದರೆ ಸ್ಟೀರಿಂಗು ಕೈಯನ್ನೇ ಕಿತ್ತುಕೊಳ್ಳುತ್ತದೆ’ ಎನ್ನುತ್ತಾನೆ. ಗ್ಯಾರೇಜಿನವನು, ‘ಸ್ಟೆಬಿಲೈಸರ್ ಹಾಕಿಸಿಬಿಡಿ, ಎಲ್ಲವೂ ಸರಿಹೋಗುತ್ತದೆ’ ಎನ್ನುತ್ತಾನೆ. ಹಾಕಿಸಬೇಕೆ, ಬಿಡಬೇಕೆ? ದಿಲ್ಲಿಯಿಂದ ಬೆಂಗಳೂರಿಗೆ ಸುಮಾರು 2,100 ಕಿಲೋಮೀಟರು. ಹಿಂದೆ ಮುದುಕರೂ ಮಕ್ಕಳೂ ನಿದ್ರಿಸುತ್ತಿರುವಾಗ ಎಲ್ಲರ ಪ್ರಾಣವೂ ಒಬ್ಬನ ಎರಡು ಕೈಗಳಲ್ಲಿರುತ್ತದೆ. ಆದುದರಿಂದ ಇದು ಕೇವಲ ಸಾಮಾನು ಖರೀದಿಯ ಪ್ರಶ್ನೆಯಲ್ಲ.

ಬಾಗಿಲಿನ ಎಣ್ಣೆಯ ಕೊಳವೆ

ಈ ಉಪಕರಣದ ತತ್ತ್ವವನ್ನು ಅರಿಯಲು ಯಂತ್ರಶಾಸ್ತ್ರ ಓದಬೇಕಾಗಿಲ್ಲ. ಕಚೇರಿಯ ಬಾಗಿಲಿನ ಮೇಲ್ತುದಿಯಲ್ಲಿ, ಬಾಗಿಲನ್ನು ತಾನಾಗಿ ಮುಚ್ಚುವ ಸಲಕರಣೆಯೊಂದು ಇರುವುದನ್ನು ಎಲ್ಲರೂ ಕಂಡಿದ್ದಾರೆ. ಅದರೊಳಗಿನ ಸ್ಪ್ರಿಂಗು ಬಾಗಿಲನ್ನು ಹಿಂದಕ್ಕೆಳೆಯುತ್ತದೆ. ಎಣ್ಣೆಯು ಕಿರಿದಾದ ರಂಧ್ರದಲ್ಲಿ ನುಸುಳಬೇಕಾದುದರಿಂದ ಬಾಗಿಲು ದಢಾರನೆ ಬಡಿಯದೆ ಮೆಲ್ಲನೆ ಮುಚ್ಚುತ್ತದೆ. ಸ್ಟೀರಿಂಗ್ ಸ್ಟೆಬಿಲೈಸರಿನಲ್ಲಿಯೂ ಹೀಗೆಯೇ ಎಣ್ಣೆ ತುಂಬಿದ ಕೊಳವೆ, ಅದರೊಳಗೆ ಪಿಸ್ಟನ್ನು. ಒಂದು ತುದಿಯನ್ನು ಗಾಡಿಯ ಚೌಕಟ್ಟಿಗೋ ಆಕ್ಸಲಿಗೋ, ಇನ್ನೊಂದನ್ನು ಚಕ್ರಗಳನ್ನು ತಿರುಗಿಸುವ ಸರಳಿಗೋ ಜೋಡಿಸುತ್ತಾರೆ. ಚಾಲಕನು ಮೆಲ್ಲನೆ ತಿರುಗಿಸಿದಾಗ ಅದು ಹೆಚ್ಚು ಅಡ್ಡಿಮಾಡದು. ಹೊಂಡದ ಹೊಡೆತದಿಂದ ಚಕ್ರವು ಥಟ್ಟನೆ ತಿರುಗಲೆತ್ನಿಸಿದಾಗ ಬಲವಾಗಿ ತಡೆಯುತ್ತದೆ.

ಇದರಲ್ಲಿ ಎರಡು ಜಾತಿಗಳಿವೆ. ಮೊದಲನೆಯದು ಬರಿಯ ಎಣ್ಣೆಯದು. ಹೊಡೆತವನ್ನು ತಗ್ಗಿಸುವುದಷ್ಟೇ ಇದರ ಕೆಲಸ. ಎರಡನೆಯದರಲ್ಲಿ ಸ್ಪ್ರಿಂಗೂ ಇದ್ದು, ಚಕ್ರವನ್ನು ನೆಟ್ಟಗಿನ ಸ್ಥಾನಕ್ಕೆ ಮರಳಿಸಲು ನೂಕುತ್ತದೆ. ಅಮೆರಿಕದಲ್ಲಿ, ಬಸ್ಸಿನಷ್ಟು ದೊಡ್ಡ ಮೋಟಾರು ಮನೆಗಳಿರುವೆಡೆ, ‘ಸೇಫ್-ಟಿ-ಪ್ಲಸ್’ ಮೊದಲಾದ ಹೆಸರುಗಳಿಂದ ಮಾರಾಟವಾಗುವುದು ಈ ಎರಡನೆಯ ಜಾತಿ. ಮೊದಲನೆಯದು ನಮಗೆ ಹೊಸದೇನಲ್ಲ. ನಮ್ಮ ನೆರೆಯ ಗುರುಗ್ರಾಮದಲ್ಲಿ ತಯಾರಾಗಿ 2023ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಗೆ ಕಾರ್ಖಾನೆಯಲ್ಲಿಯೇ ಸ್ಟೀರಿಂಗ್ ಡ್ಯಾಂಪರ್ ಅಳವಡಿಸುತ್ತಾರೆ. ಆದುದರಿಂದ ಉಪಕರಣವೇ ಮೋಸವೆನ್ನುವುದು ಸಲ್ಲದು. ಅದು ಯಾವ ರೋಗಕ್ಕೆ ಮದ್ದು ಎಂಬುದೊಂದೇ ವಿಚಾರಣೀಯ.

ದೂರು ಒಂದಲ್ಲ, ನಾಲ್ಕು

‘ಸ್ಟೀರಿಂಗ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ಗಾಡಿಯು ಸದಾ ಒಂದೇ ಕಡೆಗೆ ಎಳೆಯುವುದು ಮೊದಲನೆಯದು. ಅತ್ತಿತ್ತ ಅಲೆಯುತ್ತ, ಕ್ಷಣಕ್ಷಣವೂ ತಿದ್ದಿಕೊಳ್ಳಬೇಕಾಗುವುದು ಎರಡನೆಯದು. ಒಂದು ಗೊತ್ತಾದ ವೇಗ ಬಂದೊಡನೆ ಚಕ್ರ ನಡುಗತೊಡಗುವುದು ಮೂರನೆಯದು. ಹೊಂಡ, ಉಬ್ಬುಗಳಲ್ಲಿ ಸ್ಟೀರಿಂಗು ಕೈಗೆ ಒದೆಯುವುದು ನಾಲ್ಕನೆಯದು.

ಇವುಗಳಲ್ಲಿ ನಾಲ್ಕನೆಯದಕ್ಕೆ ಸ್ಟೆಬಿಲೈಸರು ನಿಜವಾದ ನೆರವು. ಎರಡನೆಯದಕ್ಕೆ ಸ್ಪ್ರಿಂಗಿನ ಜಾತಿಯು ಸ್ವಲ್ಪ ನೆರವಾದೀತು, ಆದರೆ ಅಲೆತದ ಮೂಲವನ್ನು ಅದು ತೆಗೆಯದು. ಮೊದಲನೆಯದಕ್ಕೆ ಬೇಕಾದುದು ಚಕ್ರಗಳ ಅಲೈನ್‌ಮೆಂಟು, ಟಯರುಗಳ ಗಾಳಿ ಹಾಗೂ ಬ್ರೇಕುಗಳ ಪರೀಕ್ಷೆ. ಮೂರನೆಯದರಲ್ಲಿಯೇ ನಿಜವಾದ ಅಪಾಯ. ಸವೆದ ಬಾಲ್ ಜಾಯಿಂಟು, ಸಡಿಲಾದ ಕಿಂಗ್‌ಪಿನ್ನು, ಸಮತೋಲ ತಪ್ಪಿದ ಟಯರು ಇವುಗಳಲ್ಲಿ ಯಾವುದರಿಂದಲೂ ನಡುಕ ಬರಬಹುದು. ಸ್ಟೆಬಿಲೈಸರು ಹಾಕಿದರೆ ನಡುಕ ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ.

ಗಾಡಿಯ ನಡುಕವು ಗಾಡಿ ಸಲ್ಲಿಸಿದ ಅರ್ಜಿ. ಅರ್ಜಿಯನ್ನು ಓದದೆ ಕಡತಕ್ಕೆ ಸೇರಿಸಿ ದಾರ ಕಟ್ಟಿದರೆ ಮೇಜೇನೋ ಚೊಕ್ಕಟವಾಗುತ್ತದೆ, ಅರ್ಜಿದಾರನ ಸಂಕಟ ಹಾಗೆಯೇ ಉಳಿಯುತ್ತದೆ. ಹೋಟೆಲಿನಲ್ಲಿ ಅಲುಗಾಡುವ ಮೇಜಿನ ಕಾಲಿಗೆ ಕಾಗದ ಮಡಿಸಿ ಇಡುವುದುಂಟು. ನೆಲ ಏರುಪೇರಾಗಿದ್ದರೆ ಅದು ಜಾಣತನ. ಕಾಲೇ ಬಿರುಕು ಬಿಟ್ಟಿದ್ದರೆ, ಸಾಂಬಾರಿನ ಪಾತ್ರೆ ಇಟ್ಟ ದಿನ ಮೇಜು ಮುರಿದು ಬೀಳುತ್ತದೆ.

ಧರ್ಮಕಾಂಟಾದ ಸಾಕ್ಷ್ಯ

ಆದಕಾರಣ ಮೊದಲು ಹೋಗಬೇಕಾದುದು ಬಿಡಿಭಾಗಗಳ ಅಂಗಡಿಗಲ್ಲ, ತೂಕದ ಕಟ್ಟೆಗೆ. ಲಾರಿಗಳನ್ನು ತೂಗುವ ಈ ಕಟ್ಟೆಯನ್ನು ಉತ್ತರದವರು ಧರ್ಮಕಾಂಟಾ ಎನ್ನುತ್ತಾರೆ; ಹೆಸರು ಅನ್ವರ್ಥಕವಾಗಿದೆ. ನೀರು, ಗ್ಯಾಸು, ಹಾಸಿಗೆ, ಪಾತ್ರೆ, ಪ್ರಯಾಣಿಕರು ಎಲ್ಲವನ್ನೂ ಹೇರಿಕೊಂಡು, ಮುಂದಿನ ಆಕ್ಸಲಿನ ತೂಕವನ್ನೂ ಹಿಂದಿನದನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ತಯಾರಕರು ಪ್ರತಿಯೊಂದು ಆಕ್ಸಲಿಗೂ ವಿಧಿಸಿದ ಮಿತಿಯೊಡನೆ ಅದನ್ನು ತಾಳೆ ನೋಡಬೇಕು.

ಇದೇಕೆ ಅಗತ್ಯವೆಂಬುದಕ್ಕೆ ಒಂದು ಲೆಕ್ಕ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 4 ಮೀಟರು ಅಂತರವಿದೆ ಎನ್ನೋಣ. ಹಿಂದಿನ ಚಕ್ರದಿಂದಲೂ ಹಿಂದಕ್ಕೆ 2 ಮೀಟರು ದೂರದಲ್ಲಿ 200 ಕಿಲೋ ಭಾರವನ್ನಿಟ್ಟರೆ, ಹಿಂದಿನ ಆಕ್ಸಲಿನ ಮೇಲೆ ಹೆಚ್ಚುವುದು 200 ಅಲ್ಲ, 300 ಕಿಲೋ. ಮುಂದಿನದರ ಮೇಲೆ 100 ಕಿಲೋ ಕಡಿಮೆಯಾಗುತ್ತದೆ. ಮಕ್ಕಳ ಏರುಮಣೆಯ ಆಟವೇ ಇದು. ಮುಂದಿನ ಚಕ್ರಗಳು ಹಗುರವಾದರೆ ಅವು ನೆಲವನ್ನು ಬಿಗಿಯಾಗಿ ಹಿಡಿಯಲಾರವು. ಗಾಡಿ ಅಲೆಯುತ್ತದೆ, ಲಾರಿಯ ಗಾಳಿಗೆ ತೂಗುತ್ತದೆ. ಮೋಟಾರು ಮನೆ ಕಟ್ಟುವವರು ನೀರಿನ ತೊಟ್ಟಿ, ಬ್ಯಾಟರಿ, ಸಾಮಾನಿನ ಪೆಟ್ಟಿಗೆಗಳನ್ನು ಹಿಂದಿನ ತುದಿಯಲ್ಲಿರಿಸಿದ್ದರೆ ಈ ದೋಷವು ಹುಟ್ಟಿನಿಂದಲೇ ಬಂದಿರುತ್ತದೆ. ಒಂದು ಲೀಟರು ನೀರಿಗೆ ಒಂದು ಕಿಲೋ ತೂಕ. ನೂರು ಲೀಟರಿನ ತೊಟ್ಟಿಯನ್ನು ಎರಡು ಆಕ್ಸಲುಗಳ ನಡುವಣ ಭಾಗಕ್ಕೆ ಸರಿಸುವುದೇ ಒಂದು ದೊಡ್ಡ ಚಿಕಿತ್ಸೆ.

ಬಳಿಕ ಟಯರಿನ ಗಾಳಿ. ಗಾಡಿ ಓಡುವುದಕ್ಕೆ ಮುಂಚೆ, ಟಯರು ತಣ್ಣಗಿರುವಾಗ ಅಳೆದು, ಆ ತೂಕಕ್ಕೆ ತಕ್ಕಷ್ಟು ತುಂಬಿಸಬೇಕು. ಆಮೇಲೆ, ಭಾರ ಹೇರಿದ ಸ್ಥಿತಿಯಲ್ಲಿಯೇ ಅಲೈನ್‌ಮೆಂಟು ಮಾಡಿಸಬೇಕು. ಬೈಸಿಕಲ್ಲಿನ ಮುಂದಿನ ಕವಲು ಓರೆಯಾಗಿರುವುದರಿಂದಲ್ಲವೆ ನುರಿತ ಹುಡುಗರು ಕೈಬಿಟ್ಟು ತುಳಿಯುವುದು? ಮೋಟಾರಿನ ಚಕ್ರಕ್ಕೂ ಅಂಥ ಓರೆಯುಂಟು, ಕ್ಯಾಸ್ಟರ್ ಎನ್ನುತ್ತಾರೆ. ಅದು ಕಡಿಮೆಯಾದರೆ ಚಕ್ರವು ನೆಟ್ಟಗಿನ ಸ್ಥಾನಕ್ಕೆ ತಾನಾಗಿ ಮರಳಲು ಉದಾಸೀನ ತೋರುತ್ತದೆ. ಅಲೈನ್‌ಮೆಂಟಿನ ಚೀಟಿಯಲ್ಲಿ ಈ ಅಂಕಿಯನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಬಗ್ಗಿ ನೋಡುವ ಕೆಲಸ

ಇನ್ನೊಂದು ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬನು ಸ್ಟೀರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಆಡಿಸಲಿ. ಮತ್ತೊಬ್ಬನು ಪಕ್ಕದಿಂದ ದೀಪ ಹಿಡಿದು ಕೆಳಗಿನ ಸಂದುಗಳನ್ನು ನೋಡಲಿ. ಒಂದು ಸರಳು ಚಲಿಸಿದ ಮೇಲೆಯೂ ಅದಕ್ಕೆ ಸೇರಿದ ಇನ್ನೊಂದು ಸುಮ್ಮನಿದ್ದರೆ, ನಡುವಿನ ಸಂದು ಸವೆದಿದೆಯೆಂದೇ ತಿಳಿಯಬೇಕು. ತರುವಾಯ ಮೆಕ್ಯಾನಿಕನು ಮುಂದಿನ ಚಕ್ರವನ್ನೆತ್ತಿ, ಭದ್ರವಾದ ಆಧಾರ ಕೊಟ್ಟು, ಚಕ್ರದ ಮೇಲ್ಭಾಗ ಕೆಳಭಾಗಗಳನ್ನು ಹಿಡಿದು ಅಲುಗಿಸಿದರೆ ಬೇರಿಂಗು, ಕಿಂಗ್‌ಪಿನ್ನುಗಳ ಸಡಿಲವೂ, ಎಡಬಲಗಳಲ್ಲಿ ಹಿಡಿದು ಅಲುಗಿಸಿದರೆ ಸ್ಟೀರಿಂಗ್ ಸರಳುಗಳ ಸಡಿಲವೂ ಹೊರಬೀಳುತ್ತವೆ. ಇಂಥ ಸಡಿಲ ಕಂಡುಬಂದರೆ, ಅದನ್ನು ಸರಿಪಡಿಸುವವರೆಗೆ ಸ್ಟೆಬಿಲೈಸರಿನ ಮಾತೆತ್ತಬಾರದು.

ಟಯರು ಒಡೆದರೆ?

ಮಾರುವವರ ಬಲವಾದ ವಾದವೊಂದಿದೆ: ಮುಂದಿನ ಟಯರು ಒಡೆದಾಗಲೂ ಸ್ಟೆಬಿಲೈಸರು ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ ಎಂಬುದು. ಗ್ರೇಟರ್ ನೋಯ್ಡಾದಿಂದ ಆಗ್ರಾದವರೆಗೆ 165 ಕಿಲೋಮೀಟರು ಉದ್ದದ, 2012ರಲ್ಲಿ ತೆರೆದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಪ್ರಯಾಣ ಮಾಡಿದವರಿಗೆ ಈ ಭಯ ಅಪರಿಚಿತವಲ್ಲ. ಕಾಂಕ್ರೀಟಿನ ರಸ್ತೆ, ಜ್ಯೇಷ್ಠದ ಬಿಸಿಲು, ‘ಲೂ’ ಎಂಬ ಬಿಸಿಗಾಳಿ, ಏಕಪ್ರಕಾರವಾದ ವೇಗ ಇವೆಲ್ಲವೂ ಕೂಡಿ ಹಳೆಯ ಟಯರುಗಳನ್ನು ಪರೀಕ್ಷಿಸುತ್ತವೆ. ಸ್ಪ್ರಿಂಗಿನ ಸ್ಟೆಬಿಲೈಸರು ಆ ಮೊದಲ ಎಳೆತವನ್ನು ಅಷ್ಟಿಷ್ಟು ತಗ್ಗಿಸೀತು, ಅದೊಂದು ಲಾಭವೇ. ಆದರೆ ಟಯರು ಒಡೆಯದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಲಾಭ. ಮೋಟಾರು ಮನೆಯು ವರ್ಷದ ಬಹುಭಾಗ ನಿಂತೇ ಇರುವುದರಿಂದ, ಟಯರಿನ ಗೀರುಗಳು ಸವೆಯುವ ಮೊದಲೇ ರಬ್ಬರು ಮುಪ್ಪಾಗಿರುತ್ತದೆ. ಟಯರಿನ ಮಗ್ಗುಲಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳೇ ಅದರ ಜಾತಕ: 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ಜನನ. ಗುಂಪಿನ ನಿಧಿಯಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ, ಹಳೆಯ ಟಯರುಗಳ ಬದಲಾವಣೆಯೇ ಮುಂದು, ಸ್ಟೆಬಿಲೈಸರು ಹಿಂದು. ಒಡೆದೇ ಹೋದರೆ, ಚಾಲಕನು ಬ್ರೇಕನ್ನು ಒಮ್ಮೆಲೇ ತುಳಿಯದೆ, ಸ್ಟೀರಿಂಗನ್ನು ಎರಡೂ ಕೈಗಳಿಂದ ನೆಟ್ಟಗೆ ಹಿಡಿದು, ವೇಗವನ್ನು ತಾನಾಗಿ ಇಳಿಯಗೊಡಬೇಕು.

ಹಾಕಿಸುವುದಾದರೆ

ತೂಕ ಸರಿ, ಗಾಳಿ ಸರಿ, ಸಂದುಗಳೆಲ್ಲ ಬಿಗಿ, ಅಲೈನ್‌ಮೆಂಟು ಸರಿ. ಆದರೂ ಹೊಂಡಗಳಲ್ಲಿ ಒದೆತ, ಅಡ್ಡಗಾಳಿಯಲ್ಲಿ ದಣಿವು ಉಳಿದಿದೆ ಎನ್ನುವುದಾದರೆ ಸ್ಟೆಬಿಲೈಸರು ಹಾಕಿಸುವುದು ಯುಕ್ತವೇ ಸರಿ. ದಿನವಿಡೀ ತಿದ್ದಿ ತಿದ್ದಿ ಸೋತ ಕೈಗಳು ಸಂಜೆಯ ಹೊತ್ತಿಗೆ ತಪ್ಪು ಮಾಡುತ್ತವೆ. ಆ ದಣಿವನ್ನು ಕಡಿಮೆ ಮಾಡುವುದು ಜೀವರಕ್ಷಣೆಯೇ.

ಆಗಲೂ ಕೆಲವು ನಿಬಂಧನೆಗಳಿವೆ. ಆ ಗಾಡಿಯ ಚಾಸಿಗೆಂದೇ ತಯಾರಾದ, ಬೋಲ್ಟಿನಿಂದ ಬಿಗಿಯುವ ಜೋಡಣೆಯಾಗಿರಬೇಕು. ಆಕ್ಸಲಿಗಾಗಲಿ ಸ್ಟೀರಿಂಗ್ ಸರಳಿಗಾಗಲಿ ಬೆಸುಗೆ ಹಾಕಿಸಕೂಡದು, ರಂಧ್ರ ಕೊರೆಯಿಸಕೂಡದು. ಎಡತುದಿಯಿಂದ ಬಲತುದಿಯವರೆಗೆ ಚಕ್ರವು ಪೂರ್ಣವಾಗಿ ತಿರುಗಬೇಕು. ಕೊಳವೆಯು ನಡುವೆ ತಡೆದರೆ ಚಾರ್ಮಾಡಿ, ಆಗುಂಬೆಗಳಂಥ ಘಾಟಿಯ ತಿರುವಿನಲ್ಲಿ ಅನಾಹುತವಾದೀತು. ಸ್ಪ್ರಿಂಗಿನ ಜಾತಿಯದಾದರೆ ಅದರ ಮಧ್ಯಸ್ಥಾನವನ್ನು ಅಲೈನ್‌ಮೆಂಟು ಆದ ಮೇಲೆಯೇ ಹೊಂದಿಸಬೇಕು. ಇಲ್ಲವಾದರೆ ಅದೇ ಗಾಡಿಯನ್ನು ಒಂದು ಕಡೆಗೆ ಎಳೆಯತೊಡಗುತ್ತದೆ. ತೀರ ಗಡುಸಾದುದನ್ನು ಹಾಕಿಸಿದರೆ ತಿರುವಿನ ನಂತರ ಸ್ಟೀರಿಂಗು ಮರಳಲು ತಡಮಾಡುತ್ತದೆ. ವಿದ್ಯುತ್ ಸ್ಟೀರಿಂಗ್ ಇರುವ ಹೊಸ ಗಾಡಿಗಳಲ್ಲಿ ತಯಾರಕರನ್ನು ಕೇಳದೆ ಏನನ್ನೂ ಸೇರಿಸಬಾರದು.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿದಿದೆ. ಟೆಂಪೋ ಟ್ರಾವೆಲರನ್ನು ಮೋಟಾರು ಮನೆಯಾಗಿ ಮಾರ್ಪಡಿಸಿದ್ದರೆ, ಆ ಮಾರ್ಪಾಡು ನೋಂದಣಿ ಪತ್ರದಲ್ಲಿ ಸೇರಿದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ನೋಡಬೇಕು. ಸ್ಟೆಬಿಲೈಸರು ಸಣ್ಣ ವಸ್ತುವಾದರೂ ಸ್ಟೀರಿಂಗಿಗೆ ಸಂಬಂಧಿಸಿದ್ದು. ತಯಾರಕರ ಮತ್ತು ವಿಮಾ ಸಂಸ್ಥೆಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ರಸೀದಿಯೊಡನೆ ಕಡತದಲ್ಲಿರಿಸುವುದನ್ನು ನಮ್ಮ ಗುಮಾಸ್ತ ಬಂಧುಗಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಆರೋಗ್ಯವಂತ ಗಾಡಿಗೆ ಸ್ಟೆಬಿಲೈಸರು ಊರುಗೋಲು. ರೋಗಿ ಗಾಡಿಗೆ ಅದು ಮುಸುಕು. ಆಗ್ರಾ, ಗ್ವಾಲಿಯರ್, ಝಾನ್ಸಿ, ನಾಗಪುರ, ಹೈದರಾಬಾದು, ಕರ್ನೂಲುಗಳನ್ನು ದಾಟಿ ಊರಿನ ಅಂಗಳ ಸೇರಬೇಕೆನ್ನುವವರು ಮೊದಲು ಧರ್ಮಕಾಂಟಾದ ಚೀಟಿಯನ್ನು ತರಲಿ. ಅದನ್ನು ಮುಂದಿಟ್ಟುಕೊಂಡು ನಾಲ್ಕು ಮನೆಯವರೂ ಕುಳಿತು ನಿರ್ಧರಿಸಲಿ. ಆ ಸಭೆಯಲ್ಲಿ ಮೊದಲು ಮಾತನಾಡಬೇಕಾದವನು ಹಣ ಕೊಟ್ಟವನಲ್ಲ, ಸ್ಟೀರಿಂಗು ಹಿಡಿಯುವವನು.