ಕಾಲಲ್ಲಿ ಹಿಡಿದುಕೊಂಡದ್ದು ನರವೇ?

ಕಾಮಸಮುದ್ರ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿನವರೆಗೂ ನಿಂತೇ ಹೋಗುವವರಿರಲಿ, ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಿರಲಿ, ರಾತ್ರಿ ಕಾಲು ನೋವಿಗೆ ಹೇಳುವ ಮಾತು ಒಂದೇ: ‘ನರ ಹಿಡ್ಕೊಂಡಿದೆ.’ ಎಣ್ಣೆ ಹಚ್ಚಿ ನೀವುವವರೂ ‘ನರ ಬಿಡಿಸ್ತೀನಿ’ ಅನ್ನುತ್ತಾರೆ. ಆಡುಮಾತಿನಲ್ಲಿ ನರವೆಂದರೆ ಮಿದುಳಿನ ಆಜ್ಞೆ ಒಯ್ಯುವ ತಂತುವೂ ಹೌದು, ಚರ್ಮದಡಿ ನೀಲಿಯಾಗಿ ಕಾಣುವ ರಕ್ತನಾಳವೂ ಹೌದು, ಹಿಮ್ಮಡಿಯ ಮೇಲೆ ಹಗ್ಗದಂತೆ ಕೈಗೆ ಸಿಗುವ ಸ್ನಾಯುರಜ್ಜುವೂ ಹೌದು. ಆದರೆ ನಡುರಾತ್ರಿ ಗಂಟುಗಟ್ಟಿ ಎಚ್ಚರಗೊಳಿಸುವುದು ಈ ಮೂರರಲ್ಲಿ ಯಾವುದೂ ಅಲ್ಲ. ಅದು ಮೀನಖಂಡದ ಮಾಂಸ. ಸೆಟೆದುಕೊಳ್ಳುವ ಆಜ್ಞೆ ನರದಿಂದಲೇ ಬಂದಿದ್ದರೂ ಸೆಟೆದು ನೋಯುವುದು ಮಾಂಸಖಂಡವೇ.

ಮೀನಖಂಡದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನ ಗ್ಯಾಸ್ಟ್ರೊಕ್ನೀಮಿಯಸ್ ಎರಡು ಕವಲಾಗಿ ತೊಡೆಮೂಳೆಯ ಕೆಳತುದಿಯಲ್ಲಿ ಹುಟ್ಟಿ ಮಂಡಿಯನ್ನು ದಾಟಿ ಇಳಿಯುತ್ತದೆ. ಅದರಡಿಯ ಚಪ್ಪಟೆ ಸೋಲಿಯಸ್ ಹುಟ್ಟುವುದೇ ಮಂಡಿಯ ಕೆಳಗೆ. ಎರಡೂ ಸೇರಿ ಅಕಿಲಿಸ್ ರಜ್ಜುವಾಗಿ ಹಿಮ್ಮಡಿ ಮೂಳೆಗೆ ಕಚ್ಚಿಕೊಳ್ಳುತ್ತವೆ. ನೀವುವ ಕೈಗೆ ಇದು ಬಹಳ ಉಪಯೋಗದ ತಿಳಿವಳಿಕೆ. ಗಂಟೆಗಟ್ಟಲೆ ನಿಂತವರಲ್ಲಿ ಹೆಚ್ಚು ದಣಿಯುವುದು ಒಳಗಿನ ಸೋಲಿಯಸ್. ಕಾಲು ನೀಡಿಸಿ ಎಷ್ಟು ಒತ್ತಿದರೂ ಬಿಗಿದ ಮೇಲ್ಪದರ ಅದನ್ನು ಮುಚ್ಚಿಕೊಂಡಿರುತ್ತದೆ. ಮಂಡಿ ಮಡಿಸಿದರೆ ಮೇಲ್ಪದರ ಸಡಿಲವಾಗಿ ಬೆರಳು ಒಳಕ್ಕೆ ತಲುಪುತ್ತದೆ. ಸೆಳೆತ ಬಂದಾಗ ಮಾತ್ರ ತದ್ವಿರುದ್ಧ: ಮಂಡಿ ನೆಟ್ಟಗಿಟ್ಟು ಪಾದವನ್ನು ಮೊಣಕಾಲಿನ ಕಡೆಗೆ ಎಳೆಯಬೇಕು. ಮಾಂಸಖಂಡ ಹಿಗ್ಗಿ ಸೆಳೆತ ಬಿಡುತ್ತದೆ, ಯಾವ ನರವನ್ನೂ ಬಿಡಿಸಬೇಕಾಗಿಲ್ಲ. ಹೆಬ್ಬೆರಳನ್ನು ಕೆಳಕ್ಕೆ ಮಡಿಸುವ ಉದ್ದನೆಯ ಸ್ನಾಯುವಿನ ಮಾಂಸವೂ ಅಂಗಾಲಿನಲ್ಲಿಲ್ಲ, ಮೀನಖಂಡದ ಆಳದಲ್ಲಿದೆ. ಅಂಗಾಲಿಗೆ ಬರುವುದು ಅದರ ರಜ್ಜು ಮಾತ್ರ.

ಹೆಸರು ಏನಾದರೇನು, ನೀವಿದರೆ ನೋವು ಇಳಿಯುತ್ತದಲ್ಲ ಎಂದು ಕೇಳಬಹುದು. ಇಳಿಯುತ್ತದೆ, ಪಳಗಿದ ಕೈಯ ಗುಣವನ್ನು ಅಲ್ಲಗಳೆಯಲಾಗದು. ಆದರೆ ಕೈ ಹೆಸರಿನ ಹಿಂದೆಯೇ ಹೋಗುತ್ತದೆ. ಮಂಡಿಯ ಹೊರಮಗ್ಗುಲಲ್ಲಿ, ತುಸು ಕೆಳಗೆ, ನಿಜವಾದ ನರವೊಂದು ಮೂಳೆಯನ್ನು ಸುತ್ತಿಕೊಂಡು ಚರ್ಮದಡಿಯಲ್ಲೇ ಹಾದುಹೋಗುತ್ತದೆ. ‘ನರ ಸಿಕ್ತು’ ಎಂದು ಅದನ್ನೇ ಅದುಮಿ ಹಿಡಿದರೆ ಪಾದ ಮೇಲೆತ್ತುವ ಶಕ್ತಿಯೇ ಕುಂದಬಹುದು. ರಕ್ತನಾಳದ್ದು ಇನ್ನೂ ಗಂಭೀರ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ಹೆರಿಗೆಯಾದ ಮೊದಲ 6 ವಾರ ಈ ಅಪಾಯ ಹೆಚ್ಚು. ನಮ್ಮ ಮನೆಗಳಲ್ಲಿ ಬಾಣಂತಿಗೆ ಎಣ್ಣೆ ನೀವುವುದೂ ಆ ದಿನಗಳಲ್ಲೇ. ಅಂಥ ಕಾಲನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸಬೇಕು.

ಇದೆಲ್ಲ ಇಂಗ್ಲಿಷ್ ವೈದ್ಯದ ವಿಂಗಡಣೆ ಎನ್ನುವವರು ಸುಶ್ರುತ ಸಂಹಿತೆಯ ಶಾರೀರಸ್ಥಾನವನ್ನು ನೋಡಬೇಕು. ಅಲ್ಲಿ ಸಿರೆ 700, ಸ್ನಾಯು 900, ಪೇಶಿ 500 ಎಂದು ಬೇರೆಬೇರೆಯಾಗಿಯೇ ಎಣಿಸಿದ್ದಾರೆ. 500 ಪೇಶಿಗಳಲ್ಲಿ 400 ಕೈಕಾಲುಗಳಲ್ಲೇ. ಇಂದಿನ ಎಣಿಕೆಗೆ ಅದು ಹೊಂದದು, ಆಗ ಸ್ನಾಯು ಎಂದರೆ ಕಟ್ಟುವ ತಂತುವೇ ಹೊರತು ಈಗಿನಂತೆ ಮಾಂಸಖಂಡವಲ್ಲ. ಆದರೂ ಒಂದನ್ನು ಇನ್ನೊಂದರೊಡನೆ ಬೆರೆಸಬಾರದೆಂಬ ಎಚ್ಚರ ನಮ್ಮಲ್ಲಿ ಅಷ್ಟು ಹಳೆಯದು. ಕೋಲಾರ ಜಿಲ್ಲೆಯಲ್ಲಿ ಈ ಎಚ್ಚರಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ, ಪ್ರಮಾಣ ಏರಿದಂತೆಲ್ಲ, ಮೂಳೆಗಳನ್ನು ಬಿಗಿದಿರುವ ಅಸ್ಥಿರಜ್ಜುಗಳೇ ಸುಣ್ಣಗಟ್ಟಿ ಕೀಲು ಪೆಡಸಾಗಬಹುದು. ಮಡಿಸಲು ಬಾರದ ಅಂಥ ಕಾಲನ್ನೂ ಜನ ‘ನರ ಹಿಡ್ಕೊಂಡಿದೆ’ ಎಂದೇ ನೀವಿಸಲು ತರುತ್ತಾರೆ. ಅಲ್ಲಿ ಮೊದಲು ಪರೀಕ್ಷೆಯಾಗಬೇಕಾದ್ದು ಆ ಮನೆಯವರು ಕುಡಿಯುವ ನೀರು.